ಹಂಪಿ, ಗೋಕರ್ಣದ ಬಿಸಿಲಿಗೆ ಯಾವ ಫಿಲ್ಟರ್ ತಗೊಳ್ಳಲಿ? ಸಿಪಿಎಲ್, ಎನ್‌ಡಿ, ಸೈಜು ಎಲ್ಲದರಲ್ಲೂ ಗೊಂದಲ

ಸಹನಾ_ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಕ್ಯಾನನ್ 200ಡಿ. ಲೆನ್ಸ್ ಮೂರು: ಕಿಟ್ ಜೊತೆ ಬಂದ 18-55 ಎಸ್‌ಟಿಎಂ, 10-18 ಎಸ್‌ಟಿಎಂ ಮತ್ತು 50 ಎಂಎಂ ಎಫ್/1.8 ಎಸ್‌ಟಿಎಂ. ಡಿಸೆಂಬರ್ ಕೊನೆಯಲ್ಲಿ ಹಂಪಿಗೆ, ಅಲ್ಲಿಂದ ಗೋಕರ್ಣ, ಮರವಂತೆ ಕಡೆಗೆ ಹೊರಟಿದ್ದೇವೆ. ಮನೆಮಂದಿ ಜೊತೆಗಿರುವುದರಿಂದ ಬೆಳಗಿನ ಜಾವ, ಮುಸ್ಸಂಜೆ ಅಂತ ಕಾಯಲು ಆಗುವುದಿಲ್ಲ. ಬಹುಪಾಲು ಫೋಟೊ ಬೆಳಗ್ಗೆ 8ರಿಂದ ಸಂಜೆ 5ರ ಒಳಗಿನ ಸುಡುಬಿಸಿಲಿನಲ್ಲೇ. ಕೇಳಬೇಕಾದ್ದು ಇಷ್ಟು:

ಅಂಗಡಿಯವರು 58 ಎಂಎಂ ಅಳತೆಯ ಮೂರು ಫಿಲ್ಟರ್ ಸೆಟ್ ತೋರಿಸುತ್ತಿದ್ದಾರೆ, ಯುವಿ, ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್, ತಿರುಗಿಸಿ ಹೊಳಪು ಕತ್ತರಿಸುವ ಗಾಜು) ಮತ್ತು ಎಫ್‌ಎಲ್‌ಡಿ. ತಗೊಳ್ಳಬಹುದೇ? ನನ್ನ ಮೂರು ಲೆನ್ಸಿನ ಬಾಯಿಯ ಅಳತೆಯೂ ಬೇರೆ ಬೇರೆ (58, 67, 49). ಒಂದೊಂದಕ್ಕೂ ಬೇರೆ ಕೊಳ್ಳಬೇಕೇ?

ಪರಿಚಯದವರ ಸಿಪಿಎಲ್ ಅನ್ನು 10-18ಕ್ಕೆ ಹಾಕಿ ನೋಡಿದಾಗ ಆಕಾಶದ ನಡುವೆ ಕಡುನೀಲಿ ಪಟ್ಟೆ, ಎರಡೂ ಬದಿ ಬಿಳಿಚಿಕೊಂಡಂತೆ ಬಂತು. ಫಿಲ್ಟರ್ ಕೆಟ್ಟಿದೆಯೇ?

ಹಗಲಲ್ಲೇ ಸಮುದ್ರದ ನೀರು ನಯವಾಗಿ ಕಾಣುವಂತೆ ತೆಗೆಯಲು ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ, ಬೆಳಕು ಕಡಿಮೆ ಮಾಡುವ ಬೂದು ಗಾಜು) ಎಷ್ಟರದ್ದು ಬೇಕು? ಎನ್‌ಡಿ8, 0.9, 3 ಸ್ಟಾಪ್ ಅಂತೆಲ್ಲ ಬರೆದಿರುತ್ತಾರೆ, ತಲೆಬುಡ ಗೊತ್ತಾಗುತ್ತಿಲ್ಲ. ಸ್ವಲ್ಪ ವಿಡಿಯೊ ಕೂಡ ಮಾಡುವುದಿದೆ.

---

ಬೆಳಕಿನ_ಬೇಟೆ

ಸಹನಾ ಅವರೇ, ಆ ಮೂರರ ಸೆಟ್ ಬಿಟ್ಟುಬಿಡಿ. ಎಫ್‌ಎಲ್‌ಡಿ ಅನ್ನುವುದು ಫಿಲ್ಮ್ ಕಾಲದ್ದು. ಟ್ಯೂಬ್‌ಲೈಟ್ ಕೆಳಗೆ ತೆಗೆದ ಚಿತ್ರಕ್ಕೆ ಬರುತ್ತಿದ್ದ ಹಸಿರು ಛಾಯೆಯನ್ನು ಕಳೆಯಲು ಹಾಕುತ್ತಿದ್ದ ನಸುಗೆಂಪು ಗಾಜು. ಆ ಕೆಲಸವನ್ನು ಈಗ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಮಾಡುತ್ತದೆ. ಯುವಿ ಫಿಲ್ಟರ್ ಕೂಡ ಬಣ್ಣದ ದೃಷ್ಟಿಯಿಂದ ಏನೂ ಮಾಡುವುದಿಲ್ಲ, ಏಕೆಂದರೆ ಡಿಜಿಟಲ್ ಸೆನ್ಸರ್ ಮುಂದೆ ನೇರಳಾತೀತ ಮತ್ತು ಅವಕೆಂಪು ಕಿರಣ ತಡೆಯುವ ಗಾಜು ಆಗಲೇ ಇರುತ್ತದೆ. ಉಳಿಯುವುದು ಸಿಪಿಎಲ್ ಒಂದೇ. ಅದೂ ಇಂಥ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಕೋಟಿಂಗ್ (ಪ್ರತಿಫಲನ ತಡೆಯುವ ಲೇಪ) ಇಲ್ಲದ್ದು. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4 ಶೇಕಡಾ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಎರಡು ಮೈಗೆ 8. ಬಿಸಿಲಿನಲ್ಲಿ ಅದೇ ಬೆಳಕು ಚಿತ್ರದ ಮೇಲೆ ಮಬ್ಬಾಗಿ ಹರಡುತ್ತದೆ. ಒಳ್ಳೆಯ ಮಲ್ಟಿಕೋಟಿಂಗ್ ಇದ್ದರೆ ಒಂದು ಮೈಗೆ 1 ಶೇಕಡಾಕ್ಕಿಂತ ಕಡಿಮೆ. ಮೂರು ಅಗ್ಗದ ಗಾಜಿಗೆ ಕೊಡುವ ಹಣವನ್ನು ಒಂದು ಒಳ್ಳೆಯ ಗಾಜಿಗೆ ಹಾಕಿ.

ಇನ್ನು ಆ ನೀಲಿ ಪಟ್ಟೆ. ಫಿಲ್ಟರ್ ಕೆಟ್ಟಿಲ್ಲ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಆಕಾಶದ ನೀಲಿ ಬೆಳಕು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಧ್ರುವೀಕರಣಗೊಂಡಿರುವುದಿಲ್ಲ (ಧ್ರುವೀಕರಣ ಅಂದರೆ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವುದು). ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಆಕಾಶಕ್ಕೆ ಅಡ್ಡಲಾಗಿ ಒಂದು ಪಟ್ಟಿಯಂತೆ ಅದು ಅತಿ ಹೆಚ್ಚು. ಸೂರ್ಯನ ಹತ್ತಿರವೂ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲೂ ಹೆಚ್ಚುಕಡಿಮೆ ಸೊನ್ನೆ. ನಿಮ್ಮ ಕ್ಯಾಮೆರಾದಲ್ಲಿ 10 ಎಂಎಂ ಇಟ್ಟರೆ ಅಡ್ಡಕ್ಕೆ ಸುಮಾರು 96 ಡಿಗ್ರಿ ಆಕಾಶ ಒಳಗೆ ಬರುತ್ತದೆ. ಅಷ್ಟಗಲದಲ್ಲಿ ಗಾಢವಾದ ಪಟ್ಟಿಯೂ ಪೇಲವವಾದ ಬದಿಯೂ ಎರಡೂ ಸಿಕ್ಕಿಬೀಳುತ್ತವೆ. 18 ಎಂಎಂನಲ್ಲಿ 64 ಡಿಗ್ರಿ, ಕಷ್ಟಪಟ್ಟು ಸಂಭಾಳಿಸಬಹುದು. 24 ಎಂಎಂನಿಂದ ಮೇಲೆ ನಿಶ್ಚಿಂತೆ. ಹಾಗಾಗಿ 10-18ರಲ್ಲಿ ನೀಲಿ ಆಕಾಶ ಹೆಚ್ಚಿರುವ ಚಿತ್ರಕ್ಕೆ ಸಿಪಿಎಲ್ ತೆಗೆದಿಡಿ, ಇಲ್ಲವೇ ಪೂರ್ತಿ ತಿರುಗಿಸದೆ ಅರ್ಧ ಪರಿಣಾಮಕ್ಕೆ ನಿಲ್ಲಿಸಿ. ಪನೋರಮಾಕ್ಕಂತೂ ಬೇಡವೇ ಬೇಡ, ಹೊಲಿದ ಮೇಲೆ ಆಕಾಶ ತೇಪೆ ತೇಪೆಯಾಗಿ ಕಾಣುತ್ತದೆ.

90 ಡಿಗ್ರಿ ಹುಡುಕಲು ಉಪಕರಣವೇನೂ ಬೇಡ. ತೋರುಬೆರಳನ್ನು ಸೂರ್ಯನತ್ತ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಇಟ್ಟು ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ಎಲ್ಲೆಲ್ಲಿ ತೋರಿಸುತ್ತದೋ ಅದೇ ಪಟ್ಟಿ.

ಹಂಪಿಗೆ ಅನ್ವಯಿಸಿ ನೋಡೋಣ. ವಿರೂಪಾಕ್ಷನ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಹಂಪಿ ಬಜಾರಿನ ಬೀದಿಯಲ್ಲಿ ನಿಂತು ಗೋಪುರ ತೆಗೆದರೆ ಸೂರ್ಯ ನಿಮ್ಮ ಬೆನ್ನ ಹಿಂದೆ. ಗೋಪುರದ ಹಿಂದಿನ ಆಕಾಶ ಸೂರ್ಯನಿಗೆ ನೇರ ಎದುರು. ಸಿಪಿಎಲ್ ಎಷ್ಟು ತಿರುಗಿಸಿದರೂ ಆಕಾಶ ಕದಲುವುದಿಲ್ಲ, ಸುಮ್ಮನೆ ಒಂದೂವರೆ ಸ್ಟಾಪ್ ಬೆಳಕು ದಂಡ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು). ಅದೇ ಗೋಪುರವನ್ನು ಅದೇ ಹೊತ್ತಿನಲ್ಲಿ ದಕ್ಷಿಣದ ಹೇಮಕೂಟ ಗುಡ್ಡದಿಂದ ಉತ್ತರಕ್ಕೆ ತಿರುಗಿ ತೆಗೆಯಿರಿ. ಸೂರ್ಯ ಬಲಗಡೆ ಪಕ್ಕಕ್ಕೆ ಬರುತ್ತಾನೆ, ಆಕಾಶ ಗಾಢವಾಗಿ ಇಳಿಯುತ್ತದೆ, ದೂರದ ಬಂಡೆಗುಡ್ಡಗಳ ಮೇಲಿನ ಮಬ್ಬೂ ತೆಳುವಾಗುತ್ತದೆ. ಬೆಳಗ್ಗೆ ಮತ್ತು ಸಂಜೆ ಉತ್ತರ ಅಥವಾ ದಕ್ಷಿಣಕ್ಕೆ ತಿರುಗಿದರೆ ಸಿಪಿಎಲ್, ಪೂರ್ವ ಪಶ್ಚಿಮಕ್ಕೆ ತಿರುಗಿದರೆ ಚೀಲದೊಳಗೆ.

ನಡುಹಗಲಿನ ಲೆಕ್ಕ ಬೇರೆ. ಡಿಸೆಂಬರ್ ಕೊನೆಯಲ್ಲಿ ಹಂಪಿಯ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಪಟ್ಟಿ ಉತ್ತರದಲ್ಲಿ 39 ಡಿಗ್ರಿ ಎತ್ತರಕ್ಕೆ ಹೋಗಿ, ಪೂರ್ವ ಪಶ್ಚಿಮದಲ್ಲಿ ದಿಗಂತಕ್ಕೆ ಇಳಿಯುತ್ತದೆ. ಏಪ್ರಿಲ್, ಮೇನಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದಾಗ (ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ನೆರಳೇ ಕಾಣದ ದಿನ) ಪಟ್ಟಿ ದಿಗಂತದ ಸುತ್ತ ಬಳೆಯಂತೆ ಕೂರುತ್ತದೆ. ಆ ಹೊತ್ತಿನಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಕೆಳ ಆಕಾಶ ಸಮನಾಗಿ ಕಪ್ಪಾಗುತ್ತದೆ, ವೈಡ್ ಲೆನ್ಸಿಗೂ ಪಟ್ಟೆ ಬರುವ ಭಯ ಕಡಿಮೆ. ನಡುಹಗಲಿನಲ್ಲಿ ಕ್ಯಾಮೆರಾ ಹೊರಗೆ ತೆಗೆಯಲೇಬಾರದು ಅನ್ನುವವರು ಇದನ್ನು ಗಮನಿಸುವುದೇ ಇಲ್ಲ.

ಸಿಪಿಎಲ್ ಅಂದರೆ ನೀಲಿ ಆಕಾಶ ಎಂದಷ್ಟೇ ತಿಳಿದರೆ ಅರ್ಧ ಉಪಯೋಗ ಕೈತಪ್ಪುತ್ತದೆ. ಎಲೆ, ನೀರು, ಒದ್ದೆ ಬಂಡೆ, ಗಾಜು, ಬಣ್ಣ ಬಳಿದ ಮರ, ಇವುಗಳ ಮೇಲಿನ ಬಿಳಿ ಮಿರುಗನ್ನು ಅದು ಕತ್ತರಿಸುತ್ತದೆ. ಮೋಡ ಕವಿದಾಗಲೂ ಕತ್ತರಿಸುತ್ತದೆ. ಹೊಳೆಯುವ ಲೋಹದ ಮೇಲೆ ಮಾತ್ರ ನಡೆಯದು. ನೀರಿನ ಮೇಲೆ ಪೂರ್ತಿ ಪರಿಣಾಮ ಬೇಕೆಂದರೆ ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಬೇಕು. ನೇರ ಮೇಲಿಂದ ಬಗ್ಗಿ ನೋಡಿದರೆ ಏನೂ ಆಗದು. 1921ರಲ್ಲಿ ಸಿ.ವಿ. ರಾಮನ್ ಹಡಗಿನ ಮೇಲಿಂದ ನಿಕೋಲ್ ಪಟ್ಟಕದಲ್ಲಿ (ಪೋಲರೈಸರಿನ ಕೆಲಸ ಮಾಡುವ ಸ್ಫಟಿಕ) ಸಮುದ್ರ ನೋಡಿದ್ದು ಇದೇ ಉಪಾಯದಿಂದ. ಮೇಲ್ಮೈಯಲ್ಲಿ ಪ್ರತಿಫಲಿಸುವ ಆಕಾಶವನ್ನು ಅಳಿಸಿದ ಮೇಲೂ ನೀರು ನೀಲಿಯಾಗಿಯೇ ಕಂಡಿತು, ಆ ನೀಲಿ ನೀರಿನೊಳಗೇ ಬೆಳಕು ಚದುರಿ ಬಂದದ್ದು ಎಂದು ಅವರು ತೋರಿಸಿದರು. ತುಂಗಭದ್ರೆಯಲ್ಲಿ ಬಂಡೆಗಳ ಪ್ರತಿಬಿಂಬವೇ ನಿಮಗೆ ಬೇಕಿದ್ದರೆ ಮಾತ್ರ ಇನ್ನಷ್ಟು ತಿರುಗಿಸಿ ಪ್ರತಿಬಿಂಬ ಗಟ್ಟಿಯಾಗುವಲ್ಲಿ ನಿಲ್ಲಿಸಿ.

ಬಳಸುವಾಗ ಮೂರು ಮಾತು. ರಿಂಗ್ ಅನ್ನು ಯಾವಾಗಲೂ ಬಿಗಿಯಾಗುವ ದಿಕ್ಕಿಗೇ ತಿರುಗಿಸಿ, ಬಿಚ್ಚುವ ದಿಕ್ಕಿಗೆ ಆಡಿಸುತ್ತಾ ಹೋದರೆ ಹೇಮಕೂಟದ ಬಂಡೆ ಮೇಲೆ ಗಾಜು ಉದುರುತ್ತದೆ. ಅಡ್ಡ ಫ್ರೇಮಿನಿಂದ ಉದ್ದ ಫ್ರೇಮಿಗೆ ಕ್ಯಾಮೆರಾ ಹೊರಳಿಸಿದರೆ ಫಿಲ್ಟರನ್ನೂ ಮತ್ತೆ 90 ಡಿಗ್ರಿ ತಿರುಗಿಸಲೇಬೇಕು. ಮುಖದ ಚಿತ್ರಕ್ಕೆ ಪೂರ್ತಿ ಪರಿಣಾಮ ಬೇಡ, ಚರ್ಮದ ಹೊಳಪೆಲ್ಲ ಹೋಗಿ ಮುಖ ಮಣ್ಣು ಬಣ್ಣಕ್ಕೆ ತಿರುಗುತ್ತದೆ.

---

ಮೂರುಕಾಲು

ಮೇಲಿನವರು ಸಿಪಿಎಲ್ ಪೂರ್ತಿ ಹೇಳಿದ್ದಾರೆ. ನಾನು ಎನ್‌ಡಿ ಹಿಡಿಯುತ್ತೇನೆ.

ಹೆಸರು ಮೂರು, ವಸ್ತು ಒಂದೇ. ಎನ್‌ಡಿ8 ಅಂದರೆ ಎಂಟನೆಯ ಒಂದು ಭಾಗ ಬೆಳಕು ಒಳಗೆ ಬಿಡುವುದು, ಅಂದರೆ 3 ಸ್ಟಾಪ್. 0.9 ಅನ್ನುವುದು ಸಾಂದ್ರತೆಯ ಅಳತೆ, ಒಂದು ಸ್ಟಾಪಿಗೆ 0.3ರಂತೆ. ಹಾಗಾಗಿ ಎನ್‌ಡಿ64 = 1.8 = 6 ಸ್ಟಾಪ್. ಎನ್‌ಡಿ1000 = 3.0 = 10 ಸ್ಟಾಪ್. ಅಂಗಡಿಯಲ್ಲಿ ಎಡವುವುದು 3.0 ಎಂದು ಬರೆದದ್ದನ್ನು 3 ಸ್ಟಾಪ್ ಎಂದು ಓದಿಕೊಂಡಾಗ. ಸ್ಟಾಪ್ ಎಷ್ಟು ಅಂತಲೇ ಕೇಳಿ ಕೊಳ್ಳಿ.

ಯಾವ ಸಂಖ್ಯೆ ಬೇಕು ಅನ್ನುವುದನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಮೊದಲು ಶಟರ್ (ಬೆಳಕು ಒಳಗೆ ಬೀಳುವ ಹೊತ್ತು) ಎಷ್ಟಿರಬೇಕು ಎಂದು ಗೊತ್ತುಮಾಡಿಕೊಳ್ಳಿ. ಅಲೆ ಹಿಂದೆ ಸರಿಯುವಾಗ ಮರಳಿನ ಮೇಲೆ ಬಿಳಿ ಎಳೆಗಳು ಬೇಕಾದರೆ 1/4ರಿಂದ 1 ಸೆಕೆಂಡ್. ಜಲಪಾತಕ್ಕೂ ಹೆಚ್ಚುಕಡಿಮೆ ಅಷ್ಟೇ, ರಭಸದ ನೀರಿಗೆ 1/8 ಸಾಕು. ಸಮುದ್ರ ಹೊಗೆಯಂತೆ ಕಾಣಬೇಕಾದರೆ 30 ಸೆಕೆಂಡ್ ಮತ್ತು ಮೇಲೆ. ಈಗ ಬಿಸಿಲಿನ ಅಳತೆ. ಮೋಡವಿಲ್ಲದ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್/16ಕ್ಕೆ (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಶಟರ್ ಸುಮಾರು 1/125. ಎಫ್/11ಕ್ಕೆ 1/250. ಅದರ ಮೇಲೆ 6 ಸ್ಟಾಪ್ ಹಾಕಿ ಎಣಿಸಿ: 1/125, 1/60, 1/30, 1/15, 1/8, 1/4. ಅಂದರೆ ಸುಡುಬಿಸಿಲಿನಲ್ಲೂ ಎನ್‌ಡಿ64 ನಿಮಗೆ 1/4 ಸೆಕೆಂಡ್ ಕೊಡುತ್ತದೆ. ಮೇಲೊಂದು ಸಿಪಿಎಲ್ ಸೇರಿಸಿದರೆ ಮತ್ತೆ ಒಂದೂವರೆ ಸ್ಟಾಪ್, ಸುಮಾರು 0.7 ಸೆಕೆಂಡ್. ಎನ್‌ಡಿ1000 ಆದರೆ ಅದೇ ಬಿಸಿಲಿಗೆ 4 ಸೆಕೆಂಡ್. ಸೂರ್ಯ ಮುಳುಗಿ ಬೆಳಕು ಎಫ್/11ಕ್ಕೆ 1/15ಕ್ಕೆ ಇಳಿದಾಗ ಎನ್‌ಡಿ64 4 ಸೆಕೆಂಡ್, ಎನ್‌ಡಿ1000 ಒಂದು ನಿಮಿಷದ ಮೇಲೆ.

ಒಂದೇ ಕೊಳ್ಳುವುದಾದರೆ ಎನ್‌ಡಿ64 ಎಂದು ನನ್ನ ಖಚಿತ ಅಭಿಪ್ರಾಯ. ಎನ್‌ಡಿ8 ಬಿಸಿಲಿನಲ್ಲಿ 1/30 ಕೊಡುತ್ತದೆ, ಅದು ಅತ್ತ ನೀರು ನಿಂತದ್ದೂ ಅಲ್ಲ ಇತ್ತ ಹರಿದದ್ದೂ ಅಲ್ಲ. ಎನ್‌ಡಿ8ಕ್ಕೆ ಬೇರೆ ಜಾಗವಿದೆ. ಮಲೆನಾಡಿನ ಮರದಡಿಯ ತೊರೆಯಲ್ಲಿ ಎಫ್/11ಕ್ಕೆ ಆಗಲೇ 1/15 ಇರುತ್ತದೆ, ಅಲ್ಲಿ 3 ಸ್ಟಾಪ್ ಸೇರಿದರೆ ಅರ್ಧ ಸೆಕೆಂಡ್. ಇನ್ನೊಂದು ಜಾಗ ನಿಮ್ಮ 50 ಎಂಎಂ. ಬಿಸಿಲಿನಲ್ಲಿ ಎಫ್/1.8 ತೆರೆದರೆ ಶಟರ್ 1/10000 ಕೇಳುತ್ತದೆ, 200ಡಿ 1/4000ಕ್ಕಿಂತ ಮೇಲೆ ಹೋಗದು, ಚಿತ್ರದಲ್ಲಿ ಮುಖ ಪೂರ್ತಿ ಬಿಳಿಚಿಕೊಳ್ಳುತ್ತದೆ. ಎನ್‌ಡಿ8 ಹಾಕಿದರೆ 1/1250ಕ್ಕೆ ಇಳಿಯುತ್ತದೆ. ಬರೇ ಎಫ್/22ಕ್ಕೆ ಮುಚ್ಚಿ ಶಟರ್ ನಿಧಾನ ಮಾಡುವುದು ಒಳ್ಳೆಯ ದಾರಿಯಲ್ಲ. ನಿಮ್ಮ 24 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಎಫ್/11 ದಾಟಿದರೆ ಬೆಳಕು ಬಾಗುವುದರಿಂದಲೇ ಚಿತ್ರದ ಹರಿತ ಇಳಿಯತೊಡಗುತ್ತದೆ, ಸೆನ್ಸರ್ ಮೇಲಿನ ಧೂಳೂ ಚುಕ್ಕೆ ಚುಕ್ಕೆಯಾಗಿ ಮೂಡುತ್ತದೆ.

ಎನ್‌ಡಿ1000 ಹಾಕುವ ಕ್ರಮ ಹೀಗೆ. ಟ್ರೈಪಾಡ್ ಮೇಲೆ ಫ್ರೇಮ್ ಕಟ್ಟಿ, ಫಿಲ್ಟರ್ ಇಲ್ಲದೆಯೇ ಫೋಕಸ್ ಮಾಡಿ, ಲೆನ್ಸಿನ ಗುಂಡಿಯನ್ನು ಎಂಎಫ್‌ಗೆ (ಮ್ಯಾನುಯಲ್ ಫೋಕಸ್) ತಳ್ಳಿ, ಸ್ಟೆಬಿಲೈಸರ್ ಆಫ್ ಮಾಡಿ. ಫಿಲ್ಟರ್ ಇಲ್ಲದೆ ಒಂದು ಪರೀಕ್ಷಾ ಚಿತ್ರ ತೆಗೆದು ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ, ಆ ಶಟರ್ ನೆನಪಿಟ್ಟುಕೊಳ್ಳಿ. ಆಮೇಲೆ ಜೂಮ್ ಕದಲದಂತೆ ಫಿಲ್ಟರ್ ತಿರುಗಿಸಿ ಹಾಕಿ, ಮ್ಯಾನುಯಲ್‌ನಲ್ಲಿ ಶಟರನ್ನು 1000 ಪಟ್ಟು ಮಾಡಿ. 30 ಸೆಕೆಂಡ್ ದಾಟಿದರೆ ಬಲ್ಬ್ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಮೋಡ್). ಇಷ್ಟು ಕಪ್ಪು ಗಾಜಿನ ಹಿಂದೆ ಕ್ಯಾಮೆರಾದ ಮೀಟರನ್ನು ನಂಬಬೇಡಿ. ವ್ಯೂಫೈಂಡರ್ ಕಿಂಡಿಯಿಂದಲೂ ಬೆಳಕು ಒಳಗೆ ನುಸುಳುತ್ತದೆ, ಕ್ಯಾನನ್ ಕುತ್ತಿಗೆಪಟ್ಟಿಯಲ್ಲಿ ಸಿಕ್ಕಿಸಿರುವ ರಬ್ಬರ್ ಮುಚ್ಚಳ ಅದಕ್ಕೇ ಇರುವುದು. ಮುಚ್ಚಳ ಇಲ್ಲದಿದ್ದರೆ ಕಪ್ಪು ಬಟ್ಟೆ. ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಕಟ್ಟಿಹಾಕಿ, ರಾ ಫೈಲ್ ಇಟ್ಟುಕೊಳ್ಳಿ. ಕಡಿಮೆ ದರ್ಜೆಯ ಎನ್‌ಡಿಗಳು ಕಾಣುವ ಬೆಳಕನ್ನು ತಡೆದರೂ ಅವಕೆಂಪನ್ನು ಬಿಟ್ಟುಬಿಡುತ್ತವೆ, ಆಗ ಕಪ್ಪು ಬಂಡೆ ಕಂದುಗೆಂಪಾಗಿ ಬರುತ್ತದೆ. ಅದನ್ನು ಆಮೇಲೆ ತಿದ್ದುವುದು ಕಷ್ಟ.

ಸಮುದ್ರದಂಚಿನಲ್ಲಿ ಟ್ರೈಪಾಡ್ ಕಾಲನ್ನು ಮರಳಿನ ಮೇಲೆ ಸುಮ್ಮನೆ ಇಟ್ಟರೆ ಒಂದೊಂದು ಅಲೆಗೂ ಕಾಲ ಬುಡದ ಮರಳು ಕೊಚ್ಚಿ ಹೋಗಿ ಕ್ಯಾಮೆರಾ ಇಳಿಯುತ್ತದೆ. ಇನ್ನು ಇಳಿಯದು ಎನ್ನುವವರೆಗೂ ಒತ್ತಿ ಹೂತು, ಎರಡು ಅಲೆ ಬಂದು ಹೋಗಲು ಬಿಟ್ಟು ಆಮೇಲೆ ಶಟರ್ ಒತ್ತಿ.

ಅಂದಹಾಗೆ ಎನ್‌ಡಿ1000 ಹಾಕಿದ್ದೇನೆ ಎಂದು ವ್ಯೂಫೈಂಡರ್ ಮೂಲಕ ನೇರ ಸೂರ್ಯನನ್ನು ಯಾರೂ ನೋಡಬೇಡಿ. 10 ಸ್ಟಾಪ್ ಕಣ್ಣಿಗೆ ರಕ್ಷಣೆಯೇ ಅಲ್ಲ. ಸೂರ್ಯನನ್ನೇ ತೆಗೆಯಲು ಬಳಸುವುದು ಎನ್‌ಡಿ100000, ಸುಮಾರು 16.6 ಸ್ಟಾಪಿನದು. ಆಗಲೂ ಲೈವ್ ವ್ಯೂ ಪರದೆಯಲ್ಲೇ ನೋಡಬೇಕು.

---

ಸಹನಾ_ತುಂಗಾತೀರ

ಇಬ್ಬರಿಗೂ ತುಂಬಾ ಧನ್ಯವಾದ. ದಿಕ್ಕಿನ ಲೆಕ್ಕ ಈಗ ಸ್ಪಷ್ಟವಾಯಿತು. ಹಾಗಾದರೆ ಸೈಜಿನದ್ದು ಹೇಗೆ? ಸ್ಟೆಪ್ ಅಪ್ ರಿಂಗ್ ಅಂತ ಕೇಳಿದ್ದೇನೆ. ಇನ್ನೊಂದು, ತಿರುಗಿಸಿದರೆ 2ರಿಂದ 400ರವರೆಗೆ ಹೋಗುವ ವೇರಿಯಬಲ್ ಎನ್‌ಡಿ ಒಂದೇ ಕೊಂಡರೆ ಎಲ್ಲ ಕೆಲಸ ಮುಗಿಯುವುದಿಲ್ಲವೇ?

---

ಚಲಿಸುವ_ಚಿತ್ರ

ವಿಡಿಯೊ ನನ್ನ ಕ್ಷೇತ್ರವಾದ್ದರಿಂದ ವೇರಿಯಬಲ್ ಎನ್‌ಡಿ ಬಗ್ಗೆ ಹೇಳುತ್ತೇನೆ ಮೇಡಂ. ಅದು ಎರಡು ಪೋಲರೈಸರ್ ಗಾಜುಗಳನ್ನು ಎದುರುಬದುರು ಕೂರಿಸಿದ್ದು. ಒಂದನ್ನು ತಿರುಗಿಸಿದಂತೆ ಬೆಳಕು ಕಡಿಮೆಯಾಗುತ್ತದೆ. ಒಂದು ಮಿತಿ ದಾಟಿದರೆ ಚಿತ್ರದ ಮೇಲೆ ದೊಡ್ಡ ಗುಣಾಕಾರ ಚಿಹ್ನೆಯಂತೆ ಕಪ್ಪು ನೆರಳು ಬೀಳುತ್ತದೆ, ವೈಡ್ ಲೆನ್ಸಿನಲ್ಲಿ ಇನ್ನೂ ಬೇಗ. 2ರಿಂದ 400 ಎಂದು ಬರೆದಿದ್ದರೂ ಕೊನೆಯ ಭಾಗ ಉಪಯೋಗಕ್ಕೆ ಬಾರದು. 2ರಿಂದ 5 ಸ್ಟಾಪ್ ಎಂದು ಬರೆದು, ಎರಡೂ ತುದಿಯಲ್ಲಿ ತಡೆ ಇರುವಂಥದ್ದನ್ನು ಕೊಳ್ಳಿ. ಜೊತೆಗೆ, ಮುಂದಿನ ಗಾಜು ಪೋಲರೈಸರೇ ಆದ್ದರಿಂದ ಬೆಳಕು ಹೊಂದಿಸಲು ತಿರುಗಿಸಿದಾಗಲೆಲ್ಲ ಆಕಾಶದ ನೀಲಿಯೂ ನೀರಿನ ಹೊಳಪೂ ತಮ್ಮಷ್ಟಕ್ಕೆ ಬದಲಾಗುತ್ತವೆ. ಅದರ ಮೇಲೆ ಸಿಪಿಎಲ್ ಹಾಕುವ ಪ್ರಶ್ನೆಯೇ ಇಲ್ಲ.

ಹಾಗೆಂದು ವಿಡಿಯೊಗೆ ಅದಕ್ಕಿಂತ ಅನುಕೂಲದ್ದೂ ಇಲ್ಲ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಚಲನೆ ಸಹಜವಾಗಿ ಕಾಣುತ್ತದೆ, ನಮ್ಮ 50 ಹರ್ಟ್ಸ್ ದೀಪಗಳ ಕೆಳಗೂ ಮಿನುಗುವುದಿಲ್ಲ. ಬಿಸಿಲಿನಲ್ಲಿ ಐಎಸ್‌ಒ 100, ಎಫ್/4 ಇಟ್ಟರೆ ಶಟರ್ 1/2000 ಬರುತ್ತದೆ. 1/50ಕ್ಕೆ ಇಳಿಸಲು ಐದು ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಬೇಕು. ಎಫ್/5.6 ಆದರೆ ನಾಲ್ಕೂ ಕಾಲು. 2-5 ಸ್ಟಾಪಿನ ಫಿಲ್ಟರ್ ಇದಕ್ಕೆ ಹೇಳಿ ಮಾಡಿಸಿದ್ದು. ನಿಂತ ಚಿತ್ರಕ್ಕೆ ಮಾತ್ರ ಸ್ಥಿರ ಎನ್‌ಡಿಯೇ ಲೇಸು. ಎರಡೂ ಕೊಳ್ಳಲು ಬಜೆಟ್ ಇಲ್ಲವೆಂದರೆ ಎನ್‌ಡಿ64 ಹಾಕಿ ಎಫ್/2.8ರಿಂದ ಎಫ್/4ರ ನಡುವೆ 50 ಎಂಎಂನಲ್ಲಿ ವಿಡಿಯೊ ಮಾಡಿ, ಹೆಚ್ಚುಕಡಿಮೆಯನ್ನು ಐಎಸ್‌ಒದಲ್ಲಿ ಹೊಂದಿಸಿಕೊಳ್ಳಿ.

---

ಬೆಳಕಿನ_ಬೇಟೆ

ಸೈಜು: 77 ಎಂಎಂ ಸಿಪಿಎಲ್ ಮತ್ತು 77 ಎಂಎಂ ಎನ್‌ಡಿ64 ಒಂದೊಂದು ಕೊಂಡು, 49-77, 58-77, 67-77 ಎಂಬ ಮೂರು ಸ್ಟೆಪ್ ಅಪ್ ರಿಂಗ್ (ಚಿಕ್ಕ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿಕೊಳ್ಳಿ. ರಿಂಗ್ ಬೆಲೆ ಫಿಲ್ಟರ್ ಬೆಲೆಯ ಮುಂದೆ ಏನೂ ಅಲ್ಲ. ದೊಡ್ಡ ಗಾಜಾದ್ದರಿಂದ 10 ಎಂಎಂನಲ್ಲಿ ಎರಡು ಫಿಲ್ಟರ್ ಒಂದರ ಮೇಲೊಂದು ಹಾಕಿದರೂ ಮೂಲೆ ಕಪ್ಪಾಗುವ ಸಂಭವ ಕಡಿಮೆ, ಮುಂದೆ ದೊಡ್ಡ ಲೆನ್ಸ್ ಕೊಂಡರೂ ಕೆಲಸಕ್ಕೆ ಬರುತ್ತದೆ. ಸ್ಟೆಪ್ ಡೌನ್ ರಿಂಗ್ ಹಾಕಿ ದೊಡ್ಡ ಲೆನ್ಸಿಗೆ ಚಿಕ್ಕ ಫಿಲ್ಟರ್ ಕೂರಿಸಬೇಡಿ, ಮೂಲೆಗಳು ಮುಚ್ಚಿಹೋಗುತ್ತವೆ. ಎರಡನ್ನೂ ಒಟ್ಟಿಗೆ ಹಾಕುವಾಗ ಎನ್‌ಡಿ ಒಳಗೆ, ಸಿಪಿಎಲ್ ಹೊರಗೆ, ತಿರುಗಿಸಲು ಕೈಗೆ ಸಿಗಬೇಕಲ್ಲ.

---

ಕಡಲೂರ_ಕ್ಯಾಮೆರಾ

ಮೇಲಿನವರ 77ರ ಸಲಹೆಗೆ ನನ್ನ ತಕರಾರಿದೆ ಸರ್. ಅವರ ಮೂರು ಲೆನ್ಸಿನಲ್ಲಿ ದೊಡ್ಡದು 67. 77 ಕೊಂಡರೆ ಯಾವ ಲೆನ್ಸಿಗೂ ಹುಡ್ (ಬಿಸಿಲು ತಡೆಯಲು ಲೆನ್ಸಿನ ಮುಂದೆ ಹಾಕುವ ಕೊರಳು) ಕೂರುವುದಿಲ್ಲ. ಬಿಸಿಲಿನ ಊರಿಗೆ ಹೊರಟವರಿಗೆ ಹುಡ್ ಇಲ್ಲದಿರುವುದು ದೊಡ್ಡ ನಷ್ಟ, ಪಕ್ಕದಿಂದ ಬೀಳುವ ಬಿಸಿಲು ನೇರ ಫಿಲ್ಟರ್ ಗಾಜಿಗೇ ಹೊಡೆಯುತ್ತದೆ. 67 ಎಂಎಂ ತೆಳು ಚೌಕಟ್ಟಿನದ್ದು ಕೊಂಡರೆ 10-18ಕ್ಕಾದರೂ ಅದರ ಹುಡ್ ಉಳಿಯುತ್ತದೆ, ಬೆಲೆಯೂ ಕಡಿಮೆ. 58-67, 49-67 ಎರಡೇ ರಿಂಗ್ ಸಾಕು. ಎರಡು ಫಿಲ್ಟರ್ ಸೇರಿಸಿದಾಗ 10ರ ಬದಲು 12 ಎಂಎಂಗೆ ಜೂಮ್ ಮಾಡಿ ಮೂಲೆ ನೋಡಿಕೊಂಡರಾಯಿತು. ಹುಡ್ ಇಲ್ಲದ ಲೆನ್ಸಿಗೆ ಕೈಯನ್ನೋ ಟೋಪಿಯನ್ನೋ ಬಿಸಿಲಿಗೆ ಅಡ್ಡ ಹಿಡಿಯಿರಿ, ಫ್ರೇಮಿನಲ್ಲಿ ಬರದಂತೆ.

ಯುವಿ ಏನೂ ಮಾಡುವುದಿಲ್ಲ ಎಂಬುದನ್ನು ಬಣ್ಣದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಗಾಳಿ ಎದ್ದ ದಿನ ಉಪ್ಪುನೀರಿನ ತುಂತುರು ರಸ್ತೆಯವರೆಗೂ ಬರುತ್ತದೆ. ಉಪ್ಪಿನ ಕಣವನ್ನು ಲೆನ್ಸಿನ ಮುಂಗಾಜಿನ ಮೇಲೆ ಒರೆಸುವುದಕ್ಕಿಂತ ತೆಗೆದು ತೊಳೆಯಬಹುದಾದ ಒಂದು ಗಾಜಿನ ಮೇಲೆ ಕೂರಲು ಬಿಡುವುದು ಎಷ್ಟೋ ವಾಸಿ. ಹಾಗಾಗಿ ಕಡಲತೀರದಲ್ಲಿ ಮಾತ್ರ ಒಂದು ಮಲ್ಟಿಕೋಟೆಡ್ ಯುವಿ ಅಥವಾ ಬರಿ ಗಾಜಿನ ಪ್ರೊಟೆಕ್ಟರ್ ಇರಲಿ. ಸೂರ್ಯ ಫ್ರೇಮಿನೊಳಗೆ ಬರುವ ಸೂರ್ಯಾಸ್ತದ ಚಿತ್ರಕ್ಕೆ ಅದನ್ನೂ ತೆಗೆಯಿರಿ. ಚಪ್ಪಟೆ ಗಾಜಿನಲ್ಲಿ ಸೂರ್ಯನ ಇನ್ನೊಂದು ಬಿಂಬ ಹುಟ್ಟಿ ಫ್ರೇಮಿನ ಎದುರು ಮೂಲೆಯಲ್ಲಿ ಮೂಡುತ್ತದೆ. ಸೂರ್ಯನಿಗೆ ಎದುರಾಗಿ ನಿಂತಾಗ ಸಿಪಿಎಲ್ ಕೂಡ ಬೇಡ, ಅಲ್ಲಿ ಅದರಿಂದ ಲಾಭವಿಲ್ಲ, ಮಬ್ಬು ಮಾತ್ರ.

ಸೂರ್ಯಾಸ್ತಕ್ಕೆ ಅರ್ಧ ಕಪ್ಪು ಅರ್ಧ ತಿಳಿ ಇರುವ ಗ್ರಾಜುಯೇಟೆಡ್ ಎನ್‌ಡಿ ಬಗ್ಗೆ ಯಾರಾದರೂ ಹೇಳಿಯಾರು. ಸಮುದ್ರದ ನೇರ ದಿಗಂತಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಹಂಪಿಯಲ್ಲಿ ಗೋಪುರ, ಬಂಡೆ, ಮಂಟಪ ಎಲ್ಲ ದಿಗಂತದ ಮೇಲೆ ಚಾಚಿರುತ್ತವೆ, ಗಾಜಿನ ಕಪ್ಪು ಅವುಗಳ ತಲೆಯ ಮೇಲೂ ಬೀಳುತ್ತದೆ. ಅಲ್ಲಿ ಟ್ರೈಪಾಡ್ ಇಟ್ಟು -2, 0, +2 ಸ್ಟಾಪ್ ಬ್ರ್ಯಾಕೆಟ್ ಮಾಡಿ (ಬೆಳಕು ಹೆಚ್ಚುಕಡಿಮೆ ಮಾಡಿ ಮೂರು ಚಿತ್ರ ತೆಗೆದು) ಆಮೇಲೆ ಜೋಡಿಸುವುದೇ ಸರಿ.

ಈಗ ಉಪ್ಪಿನ ವಿಷಯ. ಒಣಗಿದ ಉಪ್ಪನ್ನು ಒಣ ಬಟ್ಟೆಯಿಂದ ಉಜ್ಜಿದರೆ ಕೋಟಿಂಗ್ ಗೀಚಿಹೋಗುತ್ತದೆ. ಮೊದಲು ಬ್ಲೋವರ್‌ನಿಂದ ಊದಿ ಮರಳು ಹಾರಿಸಿ, ಆಮೇಲೆ ಕುಡಿಯುವ ನೀರಿನಲ್ಲಿ ಒದ್ದೆ ಮಾಡಿದ ಮೆತ್ತನೆ ಬಟ್ಟೆಯನ್ನು ಸ್ವಲ್ಪ ಹೊತ್ತು ಗಾಜಿನ ಮೇಲೆ ಇಟ್ಟು ಉಪ್ಪು ಕರಗಲು ಬಿಡಿ, ಎತ್ತಿ ಒರೆಸಿ, ಕೊನೆಗೆ ಮೈಕ್ರೋಫೈಬರ್. ಲೆನ್ಸ್ ಕ್ಲೀನರ್ ಹಾಕುವುದಿದ್ದರೆ ಬಟ್ಟೆಗೆ ಹಾಕಿ, ಗಾಜಿಗಲ್ಲ. ಸಿಪಿಎಲ್ ಅನ್ನು ನಲ್ಲಿ ಕೆಳಗೆ ಹಿಡಿಯಲೇಬೇಡಿ. ಎರಡು ಗಾಜಿನ ನಡುವೆ ಅಂಟಿಸಿದ ತೆಳು ಹಾಳೆ ಅದರಲ್ಲಿದೆ, ಅಂಚಿನಿಂದ ನೀರು ಹೊಕ್ಕರೆ ಬಿಟ್ಟುಕೊಳ್ಳುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಇಡಬೇಡಿ, ಬಿಸಿಗೂ ಆ ಹಾಳೆ ಹಾಳಾಗುತ್ತದೆ. ಕರಾವಳಿಯ ತೇವಕ್ಕೆ ಗಾಜಿನಲ್ಲಿ ಫಂಗಸ್ ಹಿಡಿಯುತ್ತದೆ, ಊರಿಗೆ ಹಿಂತಿರುಗಿದ ಮೇಲೆ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ, ತೇವ 40ರಿಂದ 50 ಶೇಕಡಾ ಇದ್ದರೆ ಚೆಂದ.

ಫಿಲ್ಟರ್ ಅಂಟಿಕೊಂಡರೆ ಎರಡು ಬೆರಳಲ್ಲಿ ಹಿಂಡಿ ತಿರುಗಿಸಬೇಡಿ. ಹಿಂಡಿದರೆ ರಿಂಗ್ ಅಂಡಾಕಾರವಾಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಅಗಲದ ರಬ್ಬರ್ ಬ್ಯಾಂಡನ್ನು ರಿಂಗ್ ಸುತ್ತ ಸುತ್ತಿ, ಐದೂ ಬೆರಳಿನಿಂದ ಸಮನಾಗಿ ಹಿಡಿದು ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ಪ್ಲಾಸ್ಟಿಕ್ಕಿನ ಫಿಲ್ಟರ್ ರೆಂಚ್ ಜೋಡಿ ಸಿಗುತ್ತದೆ. ಅಲ್ಯೂಮಿನಿಯಂ ರಿಂಗ್‌ಗಳು ಪರಸ್ಪರ ಕಚ್ಚುವುದು ಹೆಚ್ಚು, ಹಿತ್ತಾಳೆಯವು ಕಡಿಮೆ. ಹಾಕುವಾಗ ಮೊದಲು ಉಲ್ಟಾ ದಿಕ್ಕಿಗೆ ತಿರುಗಿಸಿ, ಮರೆ (ತಿರುಪಿನ ಗೆರೆ) ಕೂತ ಟಿಕ್ ಸದ್ದು ಬಂದ ಮೇಲೆ ಮುಂದಕ್ಕೆ ತಿರುಗಿಸಿದರೆ ಮರೆ ಅಡ್ಡ ಹತ್ತುವುದಿಲ್ಲ.

---

ಮೂರುಕಾಲು

ಹುಡ್ ಬಗ್ಗೆ ಕಡಲೂರ ಸರ್ ಹೇಳಿದ್ದು ನಿಜ, ಆದರೆ 10-18ರ ಹುಡ್ ಹಾಕಿದ ಮೇಲೆ ಒಳಗಿರುವ ಸಿಪಿಎಲ್ ರಿಂಗ್ ತಿರುಗಿಸಲು ಬೆರಳು ಹೋಗುವುದು ಕಷ್ಟ. ಹುಡ್ ತೆಗೆದು ತಿರುಗಿಸಿ ಮತ್ತೆ ಹಾಕಬೇಕು. ಇದನ್ನು ಗೊತ್ತಿದ್ದೇ ಕೊಳ್ಳಿ. ಮೂರೇ ಲೆನ್ಸಿನಲ್ಲಿ ನಿಲ್ಲುವುದಾದರೆ 67, ಮುಂದೆ ಲೆನ್ಸ್ ಬದಲಿಸುವ ಯೋಚನೆ ಇದ್ದರೆ 77.

ಎನ್‌ಡಿ1000ಕ್ಕೆ ಹಣ ಸಾಲದಿದ್ದರೆ ಒಂದು ದಾರಿ. ಟ್ರೈಪಾಡ್ ಮೇಲೆ ಎನ್‌ಡಿ64 ಹಾಕಿ 1/4 ಸೆಕೆಂಡಿನ 16 ಚಿತ್ರಗಳನ್ನು ಬೆನ್ನುಬೆನ್ನಿಗೆ ತೆಗೆಯಿರಿ. ಫೋಟೊಶಾಪ್‌ನಲ್ಲಿ ಎಲ್ಲವನ್ನೂ ಪದರಗಳಾಗಿ ತಂದು, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಸ್ಟ್ಯಾಕ್ ಮೋಡ್ ಮೀನ್ ಕೊಡಿ. 4 ಸೆಕೆಂಡಿನ ಚಿತ್ರದಷ್ಟೇ ನಯವಾದ ನೀರು ಬರುತ್ತದೆ, ನಾಯ್ಸ್ ಕೂಡ ಇಳಿಯುತ್ತದೆ. ಸಿಪಿಎಲ್ ಕೆಲಸಕ್ಕೆ ಮಾತ್ರ ಇಂಥ ಉಪಾಯ ಇಲ್ಲ. ಆಕಾಶವನ್ನು ಆಮೇಲೆ ನೀಲಿ ಮಾಡಬಹುದು, ನೀರಿನ ಮೇಲಿನ ಹೊಳಪಿನಡಿ ಮುಚ್ಚಿಹೋದ ಕಲ್ಲನ್ನು ಯಾವ ಸಾಫ್ಟ್‌ವೇರೂ ಇದ್ದಂತೆ ತೋರಿಸಲಾರದು. ಅದಕ್ಕೇ ಮೊದಲ ಖರ್ಚು ಸಿಪಿಎಲ್‌ಗೇ ಇರಲಿ.

---

ಬೆಳಕಿನ_ಬೇಟೆ

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು ಹೇಳಿಬಿಡುತ್ತೇನೆ. ಸಿಪಿಎಲ್ ಹೆಸರಿನಲ್ಲಿ ಬರಿ ಬೂದು ಗಾಜನ್ನು ಮಾರುವುದೂ ಇದೆ.

ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಫಿಲ್ಟರಿನ ಹೊರಮೈ ಪರದೆಯತ್ತ, ಲೆನ್ಸಿಗೆ ಕೂರುವ ಮರೆ ನಿಮ್ಮತ್ತ ಇರುವಂತೆ ಹಿಡಿದು ತಿರುಗಿಸಿ. ಒಂದು ಕೋನದಲ್ಲಿ ಪರದೆ ಹೆಚ್ಚುಕಡಿಮೆ ಪೂರ್ತಿ ಕಪ್ಪಾಗಬೇಕು. ಬೂದು ಬಣ್ಣಕ್ಕೇ ನಿಂತರೆ ಕೊಳ್ಳಬೇಡಿ. ಈಗ ಫಿಲ್ಟರನ್ನು ಹಿಂದುಮುಂದು ಮಾಡಿ ತಿರುಗಿಸಿ. ಈ ಸಲ ಕಪ್ಪಾಗಬಾರದು, ಬಣ್ಣ ಚೂರು ಹಳದಿ ನೀಲಿಗೆ ಹೊರಳಿದರೆ ಸಾಕು. ಎರಡೂ ಕಡೆಯಿಂದ ಕಪ್ಪಾದರೆ ಅದು ಸರ್ಕ್ಯುಲರ್ ಅಲ್ಲ, ಲೀನಿಯರ್. ನಿಮ್ಮ 200ಡಿಯಂಥ ಕನ್ನಡಿ ಕ್ಯಾಮೆರಾದಲ್ಲಿ ಅರೆಪಾರದರ್ಶಕ ಕನ್ನಡಿಯ ಮೂಲಕ ಫೋಕಸ್ ಮತ್ತು ಮೀಟರಿಗೆ ಬೆಳಕು ಹೋಗುವುದರಿಂದ ಲೀನಿಯರ್ ಹಾಕಿದರೆ ಎರಡೂ ತಪ್ಪಬಹುದು.

ಲ್ಯಾಪ್‌ಟಾಪ್ ಇಲ್ಲದಿದ್ದರೆ ಕನ್ನಡಿ ಸಾಕು. ಮರೆಯಿರುವ ಬದಿಯನ್ನು ಕನ್ನಡಿಗೆ ತೋರಿಸಿ ಫಿಲ್ಟರ್ ಮೂಲಕವೇ ಕನ್ನಡಿ ನೋಡಿ. ಕನ್ನಡಿಯೊಳಗಿನ ಫಿಲ್ಟರಿನ ಗಾಜು ಕಪ್ಪಾಗಿ ಕಂಡರೆ ಅದು ಅಸಲಿ ಸರ್ಕ್ಯುಲರ್.

ಎನ್‌ಡಿಗೆ: ಬಿಳಿ ಕಾಗದದ ಮೇಲಿಟ್ಟು ನೋಡಿ. ಗಾಜಿನ ಬೂದು ಅಂಚಿನಿಂದ ಅಂಚಿಗೆ ಒಂದೇ ಸಮ ಇರಬೇಕು, ನೇರಳೆ ಅಥವಾ ಕಂದು ಛಾಯೆ ಕಾಣಬಾರದು. ಆಮೇಲೆ ಕ್ಯಾಮೆರಾ ಬಾಗಿಲ ಬಳಿ ಇಟ್ಟು ಫಿಲ್ಟರ್ ಇಲ್ಲದೆ 1/60ರಲ್ಲಿ ಒಂದು, ಎನ್‌ಡಿ64 ಹಾಕಿ 1 ಸೆಕೆಂಡಿನಲ್ಲಿ ಒಂದು ಚಿತ್ರ ತೆಗೆದು ಎರಡರ ಹಿಸ್ಟೋಗ್ರಾಂ ಹೋಲಿಸಿ. ಹಿಸ್ಟೋಗ್ರಾಂನ ಗುಡ್ಡ ಅದೇ ಜಾಗದಲ್ಲಿದ್ದರೆ ಸರಿ. ಅರ್ಧ ಸ್ಟಾಪ್ ಆಚೀಚೆ ಇದ್ದರೂ ಚಿಂತೆಯಿಲ್ಲ, ಎಷ್ಟು ಎಂದು ಡಬ್ಬಿಯ ಮೇಲೆ ಬರೆದಿಟ್ಟುಕೊಂಡರೆ ಗೋಕರ್ಣದಲ್ಲಿ ಲೆಕ್ಕ ಹಾಕುವಾಗ ಸೇರಿಸಿಕೊಳ್ಳಬಹುದು.